ಕಮಲಾಪುರಕ್ಕೆ ಹೋದ ಮೇಣದ ಹಲ್ಲು

ನಾನು ಹಲ್ಲು ಮಾಡುವವಳು. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ನಾನು ಬೆಂಚಿನ ಮುಂದೆ ಕೂತು ಕಟ್ಟುಹಲ್ಲಿನ ಸೆಟ್ಟು ಮಾಡಿ ವಾಪಸು ಕಳಿಸುತ್ತೇನೆ. ಪುಣೆಯ ಒಂದು ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ ಇದೇ ಕೆಲಸ ಮಾಡಿದೆ. ಅಷ್ಟು ವರ್ಷದಲ್ಲಿ ನನ್ನ ಕೈಯ ಹಲ್ಲು ಹಾಕಿಕೊಂಡ ಒಬ್ಬ ಮನುಷ್ಯನ ಮುಖವನ್ನೂ ನೋಡಿರಲಿಲ್ಲ. ಬಿಳಿ ಪ್ಲಾಸ್ಟರಿನ ದವಡೆಗಳು ಪೆಟ್ಟಿಗೆಯಲ್ಲಿ ಬರುತ್ತಿದ್ದವು, ಮೇಲೊಂದು ನಂಬರು. ಕೆಲಸ ಮುಗಿದ ಮೇಲೆ ಅದೇ ನಂಬರಿನ ಜೊತೆ ಹೋಗುತ್ತಿದ್ದವು. ಇದರಲ್ಲಿ ನನಗೆ ಬೇಸರವೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಒಂದು ಥರದ ನೆಮ್ಮದಿಯೇ ಇತ್ತು. ಹಲ್ಲು ಚುಚ್ಚಿದರೆ ಬೈಗುಳ ಡಾಕ್ಟರಿಗೆ, ನನಗಲ್ಲ.

ಬೇಸರ ಇದ್ದದ್ದು ಉಳಿದೆಲ್ಲದರ ಮೇಲೆ. ಮನೆಯಿಂದ ಲ್ಯಾಬಿಗೆ ಒಂದೂವರೆ ತಾಸು ಬಸ್ಸಿನಲ್ಲಿ ನಿಂತು ಹೋಗಬೇಕು, ಹಾಗೇ ನಿಂತು ಬರಬೇಕು. ಇದ್ದ ಒಂದೂವರೆ ಕೋಣೆಯಲ್ಲಿ ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ಲ್ಯಾಬಿಗೆ ಹೊಸ ಯಂತ್ರ ಬಂದು ಕೂತ ಮೇಲೆ ಕೈಕೆಲಸದವರನ್ನು ಮಾಲೀಕರು ನೋಡುವ ನೋಟವೇ ಬದಲಾಗಿತ್ತು. ಅದಿರಲಿ, ಎಲ್ಲ ಸರಿಯಿದ್ದರೂ ನಾನು ಸುಮ್ಮನೆ ಕೂರುವ ಪೈಕಿಯಲ್ಲ. ಹುಟ್ಟಿದ್ದು ಕಲಬುರಗಿಯ ಬ್ರಹ್ಮಪುರದಲ್ಲಿ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆಂದು ನಮ್ಮವ್ವ ಬೈಯುತ್ತಿದ್ದಳು. ಮದುವೆಯಾಗಿ ಪುಣೆಗೆ ಹೋದ ಮೇಲೆ ಎಂಟು ಬಾಡಿಗೆ ಮನೆ ಬದಲಿಸಿದೆವು. ಪ್ರತಿ ಸಲವೂ ಇದೇ ಕೊನೆಯದು ಎಂದು ಆಣೆ ಮಾಡಿದವಳು ನಾನೇ, ಆರು ತಿಂಗಳಿಗೆ ಗೋಡೆಗಳು ಮೈಮೇಲೆ ಬಂದಂತಾಗಿ ಬೇರೆ ಮನೆ ಹುಡುಕಿದವಳೂ ನಾನೇ. ನಮ್ಮನೆಯವರು ತುಟಿಪಿಟಕ್ಕೆನ್ನದೆ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು.

ಹೋದ ಬೇಸಿಗೆಯಲ್ಲಿ ಕಲಬುರಗಿಯಿಂದ ಒಂದು ಕರೆ ಬಂತು. ಜೇವರ್ಗಿ ಕಾಲೋನಿಯಲ್ಲಿ ಹಲ್ಲಿನ ದವಾಖಾನೆ ಇಟ್ಟಿರುವ ಡಾಕ್ಟರಮ್ಮ ಅದುವರೆಗೆ ತಮ್ಮ ಕೆಲಸವನ್ನೆಲ್ಲ ನಮ್ಮ ಲ್ಯಾಬಿಗೇ ಕಳಿಸುತ್ತಿದ್ದರು. ಪಾರ್ಸಲ್ಲು ಹೋಗಿ ಬರುವಷ್ಟರಲ್ಲಿ ರೋಗಿಗಳ ತಾಳ್ಮೆ ಮುಗಿಯುತ್ತದೆ, ದವಾಖಾನೆಯ ಹಿಂದಿನ ಕೋಣೆ ಖಾಲಿಯಿದೆ, ಊರಿನ ಉಳಿದ ಡಾಕ್ಟರುಗಳೂ ಕೆಲಸ ಕೊಡುತ್ತಾರೆ, ಒಂದು ತಿಂಗಳು ಮಾಡಿ ನೋಡಿ ಎಂದರು. ನಾನು ಅಂದೇ ಲ್ಯಾಬಿಗೆ ರಜೆ ಬರೆದೆ.

ನಮ್ಮನೆಯವರದು ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ. ಮಗಳು ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು, ಅವಳಿಗೆ ನಾವು ಎಲ್ಲಿದ್ದರೂ ಅಷ್ಟೇ. ಹೊರಡುವ ದಿನ ಅವರು ನನ್ನ ಚೀಲ ಎತ್ತಿ ರೈಲಿನೊಳಗಿಟ್ಟು ಹೇಳಿದರು: "ನೀ ಹೂಂ ಅಂದ್ರ ನಾ ಕೆಲಸ ಬಿಟ್ಟು ಬರ್ತೀನಿ. ಊಹೂಂ ಅಂದ್ರ ಇಲ್ಲೇ ಇರೋಣು. ನೀ ಏನಂತಿ ಅದು."

ಒಳ್ಳೆಯ ಗಂಡ ಎಂದು ಕೇಳಿದವರೆಲ್ಲ ಹೊಗಳಿದರು. ನನಗೆ ಮೈಯೆಲ್ಲ ಉರಿಯಿತು. ಅವರ ವಯಸ್ಸಿಗೆ ಒಮ್ಮೆ ಆ ಕೆಲಸ ಬಿಟ್ಟರೆ ಮತ್ತೆ ಸಿಗುವುದಿಲ್ಲ. ಮನೆ ಬದಲಿಸಿದ ಹಾಗೆ ಊರು ಬದಲಿಸಿ, ಆರು ತಿಂಗಳಿಗೆ ನನಗೆ ಮತ್ತೆ ತಳಮಳ ಶುರುವಾದರೆ ಹಾಳಾಗುವುದು ಅವರ ಬದುಕು. ಆಗಲೂ ಅವರು ಗೋಣಿಚೀಲ ತೆಗೆಯುತ್ತಾರೆಯೇ ಹೊರತು ಒಂದು ಮಾತು ಆಡುವುದಿಲ್ಲ. ಆ ಒಂದು ತಿಂಗಳು ನನ್ನನ್ನು ಹಿಂಡಿದ್ದು ಇದೇ ಚಿಂತೆ.

ದವಾಖಾನೆಯಿಂದ ಐದು ನಿಮಿಷದ ದಾರಿಯಲ್ಲಿ ಒಂದು ಮಹಡಿ ಮನೆ ಸಿಕ್ಕಿತು. ಕೆಳಗೆ ಮಾಲಕಿ, ಉರ್ದು ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಓಣಿಯವರೆಲ್ಲ ಆಪಾ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಪುಣೆಯ ಒಂದೂವರೆ ಕೋಣೆಯ ಬಾಡಿಗೆಗೆ ಇಲ್ಲಿ ಮೂರು ಕೋಣೆ, ಶಹಾಬಾದ ಕಲ್ಲಿನ ತಣ್ಣನೆಯ ನೆಲ, ಮೇಲೆ ಮಾಳಿಗೆ. ತಿಂಗಳಿನ ಮಟ್ಟಿಗೆ ಕೊಡುವುದು ಅವರ ಪದ್ಧತಿಯಲ್ಲ, ನನ್ನ ಮುಖ ನೋಡಿ ಒಪ್ಪಿದರು. ಆದರೆ ತಿಂಗಳ ಕೊನೆಗೆ ಖಡಕ್ಕಾಗಿ ಹೇಳಿದರು: "ನೋಡ್ರಿ ಬೇಟಾ, ಸೋಮವಾರ ತನಕ ತಡೀತೀನಿ. ಆಮ್ಯಾಲ ಬ್ಯಾರೆಯವರಿಗಿ ಜಬಾನ್ ಕೊಟ್ಟುಬಿಡ್ತೀನಿ."

ಒಂದು ಖಾಲಿ ಕೆಲಸದ ಚೀಟಿಯ ಹಿಂಬದಿಯಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ ಒಳ್ಳೆಯದು, ಬಲಕ್ಕೆ ಕೆಟ್ಟದ್ದು ಎಂದು ಬರೆಯಲು ಶುರುಮಾಡಿದ್ದೆ. ಮೊದಲ ವಾರ ಎಡಗಡೆಯೇ ತುಂಬಿತು. ನಡೆದು ಕೆಲಸಕ್ಕೆ ಹೋಗುವುದು. ಮಧ್ಯಾಹ್ನ ಮನೆಗೆ ಬಂದು ಬಿಸಿ ಊಟ ಮಾಡುವುದು. ಯಾರ ಮೊಣಕೈಯೂ ತಾಗದೆ ನಿಲ್ಲಲು ಜಾಗ. ಎರಡನೇ ವಾರ ಬಲಗಡೆ ಬೆಳೆಯಿತು. ನಳದ ನೀರು ಬಂದ ದಿನ ಎಲ್ಲ ಕೆಲಸ ಬಿಟ್ಟು ಓಡಬೇಕು. ಬಿಸಿಲು ನನಗಿಂತ ನನ್ನ ಮೇಣಕ್ಕೆ ಹೆಚ್ಚು ಹಾನಿ ಮಾಡಿತು. ಹಲ್ಲು ಕೂರಿಸುವ ಗುಲಾಬಿ ಮೇಣ ಬೆಂಚಿನ ಮೇಲೇ ಮೆತ್ತಗಾಗಿ, ಬೆಳಿಗ್ಗೆ ನೆಟ್ಟಗಿದ್ದ ಸಾಲು ಮಧ್ಯಾಹ್ನಕ್ಕೆ ಕುಡಿದವರ ಹಾಗೆ ವಾಲುತ್ತಿತ್ತು. ಕೊನೆಗೆ ಒಂದು ಮಣ್ಣಿನ ಗಡಿಗೆ ತಂದು, ಅದರ ನೀರಿನಲ್ಲಿ ಸೆಟ್ಟುಗಳನ್ನು ಮುಳುಗಿಸಿಡಲು ಕಲಿತೆ.

ಇನ್ನೊಂದು ಸಂಗತಿಯನ್ನು ಯಾವ ಕಡೆ ಬರೆಯಬೇಕೆಂದು ತಿಳಿಯದೆ ಎರಡೂ ಕಡೆ ಬರೆದು ಎರಡೂ ಕಡೆ ಹೊಡೆದುಹಾಕಿದೆ. ಅದು ಇಷ್ಟೇ: ಇಲ್ಲಿ ರೋಗಿಗಳು ನನ್ನ ಕೋಣೆಯೊಳಗೇ ಬಂದುಬಿಡುತ್ತಿದ್ದರು. ನನ್ನ ಹಲ್ಲು ಯಾವುದು ತೋರಿಸಿ ಎನ್ನುವರು. ಒಂದು ಸ್ಟೂಲು ಎಳೆದುಕೊಂಡು ಕೂತು ನೋಡುವರು. ನೀವು ಬ್ರಹ್ಮಪುರದಲ್ಲಿ ಯಾರ ಪೈಕಿ ಎಂದು ಕೇಳಿ, ನಾನು ಹೇಳುವ ಮೊದಲೇ ತಾವೇ ಹುಡುಕಿ ಹೇಳುವರು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದರೂ ಅವರಲ್ಲಿ ಯಾರಾದರೂ ಒಂದು ದಿನ ಬರದಿದ್ದರೆ ಬಾಗಿಲ ಕಡೆ ನೋಡುತ್ತಿದ್ದೆ.

ಹಾಗೆ ಬಂದವಳೇ ಕಲಬುರಗಿ ಹತ್ತಿರದ ಕಮಲಾಪುರದ ಆಯಿ. ಎಪ್ಪತ್ತರ ಆಚೆಯ ಹೆಂಗಸು, ಅಲ್ಲಿಯ ಸಂತೆಯಲ್ಲಿ ಕೆಂಪು ಬಾಳೆಹಣ್ಣು ಮಾರುವವಳು. ಬಾಯಲ್ಲಿ ಒಂದೂ ಹಲ್ಲಿಲ್ಲ. ತಾನು ಮಾರುವ ಹಣ್ಣು ತಿನ್ನಲು ಹಲ್ಲು ಬೇಕಿಲ್ಲ, ರೊಟ್ಟಿ ತಿನ್ನಲು ಬೇಕು ಎಂದು ಮೊದಲ ದಿನವೇ ನನಗೆ ತಾಕೀತು ಮಾಡಿದ್ದಳು. ಪುಣೆಯಲ್ಲಿ ಯಾರೂ ನನಗೆ ಹೀಗೆ ಹೇಳಿರಲಿಲ್ಲ. ಅಲ್ಲಿ ಎಲ್ಲ ಬಾಯಿಗೂ ಒಂದೇ ಅಚ್ಚಿನ, ಫೋಟೋಕ್ಕೆ ಹೊಂದುವ ಹಲ್ಲು. ಜೋಳದ ಖಡಕ್ ರೊಟ್ಟಿ ಮುರಿಯುವ ಬಾಯಿಗೆ ಹಿಂದಿನ ಹಲ್ಲುಗಳನ್ನು ಬೇರೆ ಥರ ಕೂರಿಸಬೇಕೆಂದು ಆಯಿಗಾಗಿ ಎರಡು ದಿನ ತಲೆ ಕೆಡಿಸಿಕೊಂಡೆ.

ನಮ್ಮ ಕೆಲಸದಲ್ಲಿ ಮೊದಲು ಮೇಣದ ಮೇಲೆ ಹಲ್ಲು ಕೂರಿಸಿ, ಬಾಯಲ್ಲಿಟ್ಟು ನೋಡುವುದು ಪದ್ಧತಿ. ಟ್ರಯಲ್ ಅನ್ನುತ್ತೇವೆ. ಅದು ನೋಡಲಿಕ್ಕೆ ಮಾತ್ರ, ಅಗಿಯಲಿಕ್ಕಲ್ಲ. ಸರಿಯೆನಿಸಿದ ಮೇಲೆ ಮೇಣವನ್ನು ಕರಗಿಸಿ ತೆಗೆದು, ಅದರ ಜಾಗದಲ್ಲಿ ಗಟ್ಟಿಯಾದದ್ದನ್ನು ತುಂಬುತ್ತೇವೆ. ಆಮೇಲೆ ಹಲ್ಲು ಅಲ್ಲಾಡುವುದಿಲ್ಲ, ನಾವು ಬೇಕೆಂದರೂ.

ತಿಂಗಳ ಕೊನೆಯ ವಾರ, ಬುಧವಾರ ಆಯಿಯ ಟ್ರಯಲ್. ಡಾಕ್ಟರಮ್ಮ ಇಟ್ಟು ನೋಡಿ, ಎಲ್ಲ ಸರಿಯಿದೆ ಎಂದು ಹೇಳಿ ಇನ್ನೊಬ್ಬರ ಹಲ್ಲು ಕೀಳಲು ಪಕ್ಕದ ಕೋಣೆಗೆ ಹೋದರು. ಆಯಿ ಕನ್ನಡಿಯಲ್ಲಿ ಎಡಕ್ಕೆ ತಿರುಗಿ ನೋಡಿಕೊಂಡಳು, ಬಲಕ್ಕೆ ತಿರುಗಿ ನೋಡಿಕೊಂಡಳು. ಚೆಂದ ಆಗಿವೆ, ಮನೆಯಲ್ಲಿ ತೋರಿಸಿಕೊಂಡು ಬರುತ್ತೇನೆ ಎಂದಳು.

ನಾನು ಒಯ್ಯಿರಿ ಎಂದುಬಿಟ್ಟೆ.

ಯಾಕೆ ಹಾಗಂದೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ನಮ್ಮವ್ವನ ಕಾಲದಲ್ಲಿ, ಈಗಲೂ ಕೆಲವು ಕಡೆ, ಇಲ್ಲಿಯ ಬಟ್ಟೆ ಅಂಗಡಿಯವರು ನಾಲ್ಕು ಸೀರೆ ಕಟ್ಟಿ ಕೊಟ್ಟು, ಮನೆಗೆ ಒಯ್ದು ತೋರಿಸಿಕೊಂಡು ಬನ್ನಿ ಎನ್ನುತ್ತಾರೆ. ಒಂದನ್ನು ಇಟ್ಟುಕೊಂಡು ಮೂರನ್ನು ಮರುದಿನ ವಾಪಸು ಕೊಡುವುದು ನಮಗೆ ನೀರು ಕುಡಿದಷ್ಟು ಸಹಜ. ಆಯಿ ಆ ಮಾತು ಅಂದ ಕೂಡಲೇ ಹತ್ತೊಂಬತ್ತು ವರ್ಷದ ಕಸುಬು ನನ್ನ ತಲೆಯಿಂದ ಹಾರಿಹೋಗಿ, ಸೀರೆಗಂಟು ಬಗಲಲ್ಲಿಟ್ಟುಕೊಂಡು ಅವ್ವನ ಹಿಂದೆ ನಡೆಯುತ್ತಿದ್ದ ಹುಡುಗಿ ಉಳಿದಳು. ಡಬ್ಬಿಗೆ ನೀರು ಹಾಕಿ ಸೆಟ್ಟು ಇಟ್ಟುಕೊಟ್ಟೆ. ಏನೂ ತಿನ್ನಬೇಡಿ, ನಾಳೆ ತನ್ನಿ ಎಂದೆ.

ಗುರುವಾರ ಆಯಿ ಬರಲಿಲ್ಲ. ಸಂಜೆ ಡಾಕ್ಟರಮ್ಮನಿಗೆ ಹೇಳಲೇಬೇಕಾಯಿತು. ಅವರು ಕೂಗಾಡಲಿಲ್ಲ, ಕೈಗವಸು ಬಿಚ್ಚುತ್ತ ನನ್ನನ್ನೇ ನೋಡಿದರು. "ಪುಣಾದಾಗೂ ಹಿಂಗೇ ಕೊಟ್ಟು ಕಳಿಸ್ತಿದ್ರೇನ್ರಿ?" ಎಂದರು. ಕೂಗಾಡಿದ್ದರೇ ಚೆನ್ನಾಗಿತ್ತು. ಅವತ್ತು ಮನೆಗೆ ಹೋಗಿ ಚೀಟಿಯ ಬಲಗಡೆ ದಪ್ಪಕ್ಷರದಲ್ಲಿ ಬರೆದೆ: ಈ ಊರಿಗೆ ಬಂದರೆ ನನಗೆ ಕೆಲಸ ಮರೆತುಹೋಗುತ್ತದೆ.

ಶುಕ್ರವಾರ ಬೆಳಿಗ್ಗೆ ಕಮಲಾಪುರದ ಬಸ್ಸು ಹತ್ತಿದೆ. ಅವತ್ತು ಅಲ್ಲಿ ಸಂತೆ. ಕುಳಿತುಕೊಳ್ಳಲು ಸೀಟು ಸಿಕ್ಕರೂ ಕೂರಲಾಗಲಿಲ್ಲ. ದಾರಿಯುದ್ದಕ್ಕೂ ಕಂಬಿ ಹಿಡಿದು ನಿಂತೆ. ಬಾಳೆಹಣ್ಣಿನ ಬುಟ್ಟಿಗಳ ಸಾಲಿನಲ್ಲಿ ಆಯಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಹಲ್ಲಿನ ಆಯಿ ಎಲ್ಲಿ ಎಂದು ಕೇಳಿದ್ದಕ್ಕೇ ನಾಲ್ಕು ಹೆಂಗಸರು ನಗುತ್ತ ಕೈ ತೋರಿಸಿದರು. ಸಂತೆಗೆಲ್ಲ ಹಲ್ಲಿನ ಸುದ್ದಿ ಮುಟ್ಟಿತ್ತು.

ಆದದ್ದು ಇಷ್ಟು. ಬುಧವಾರ ಸಂಜೆ ಆಯಿ ಸೊಸೆಗೆ ತೋರಿಸಿದ್ದಾಳೆ, ಓಣಿಗೆ ತೋರಿಸಿದ್ದಾಳೆ. ಎಲ್ಲರೂ ಚೆಂದ ಅಂದಿದ್ದಾರೆ. ಆ ಸಂಭ್ರಮದಲ್ಲಿ ಹಲ್ಲು ಹಾಕಿಕೊಂಡೇ ಬಿಸಿಬಿಸಿ ಚಹಾ ಕುಡಿದಿದ್ದಾಳೆ. ಬಾಯೊಳಗೆ ಮೇಣ ಮೆತ್ತಗಾಗಿ ಹಲ್ಲುಗಳು ದಿಕ್ಕಾಪಾಲಾಗಿವೆ. ನಾನು ಮುಖ ಗಂಟಿಕ್ಕಿಕೊಂಡು ಡಬ್ಬಿ ತೆರೆದು ನೋಡುತ್ತಿದ್ದರೆ ಅವಳು ಸಮಾಧಾನದಿಂದ ಹೇಳಿದಳು: "ತಿನಬ್ಯಾಡ ಅಂದಿದ್ದಿ. ಕುಡಿಬ್ಯಾಡ ಅಂದಿದ್ದಿಲ್ಲಲ್ಲವ್ವ?"

ಬುಟ್ಟಿಯನ್ನು ಪಕ್ಕದವಳಿಗೆ ನೋಡಿಕೊಳ್ಳಲು ಹೇಳಿ, ಬಿಸಿಲಲ್ಲಿ ಬಂದಿದ್ದೀ ಎಂದು ಹಿಂದಿನ ಓಣಿಯ ತನ್ನ ಮನೆಗೆ ಕರೆದೊಯ್ದಳು. ನನಗೆ ಬೇಗ ಡಬ್ಬಿ ಎತ್ತಿಕೊಂಡು ಓಡಬೇಕಿತ್ತು. ಆದರೆ ಊಟದ ಹೊತ್ತಿಗೆ ಬಂದವರನ್ನು ಬಿಡುವ ಊರಲ್ಲ ಅದು. ಸೊಸೆ ತಾಟು ತಂದಿಟ್ಟಳು. ನನ್ನ ತಾಟಿನಲ್ಲಿ ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಆಯಿಯ ತಾಟಿನಲ್ಲಿ ಅದೇ ರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲಿ ನೆನೆಹಾಕಿದ್ದರು. ನಾನು ರೊಟ್ಟಿ ಕಚ್ಚಿದಾಗ ಆದ ಕಟುಂ ಸಪ್ಪಳ ಕೋಣೆಗೆಲ್ಲ ಕೇಳಿಸಿತು. ನಾಚಿಕೆಯಾಗಿ ಮೆಲ್ಲಗೆ ಅಗಿಯತೊಡಗಿದೆ.

"ಜೋರ್ ತಿನ್ನು," ಎಂದಳು ಆಯಿ. "ಕೇಳ್ಲಿ. ನನ್ನ ಬಾಯಾಗ ಈ ಸಪ್ಪಳ ಆಗಿ ಮೂರು ವರ್ಷಾತು."

ಊಟವಾದ ಮೇಲೆ ಡಬ್ಬಿ ತೆರೆದು ಅವಳಿಗೆ ತೋರಿಸಿದೆ. ಹಿಂದಿನ ಹಲ್ಲುಗಳನ್ನು ಮತ್ತೆ ಕೂರಿಸಬೇಕು, ಮುಂದಿನ ಒಂದು ಹಲ್ಲು ಪಕ್ಕದ್ದರ ಮೇಲೆ ಹತ್ತಿ ಕೂತಿದೆ, ಅದನ್ನು ನೆಟ್ಟಗೆ ಮಾಡುತ್ತೇನೆ ಎಂದೆ. ಅದೊಂದನ್ನು ಮಾತ್ರ ಮುಟ್ಟಬೇಡ ಎಂದಳು. ಅವಳ ಸ್ವಂತ ಹಲ್ಲೂ ಹಾಗೇ ಪಕ್ಕದ್ದರ ಮೇಲೆ ಹತ್ತಿ ಕೂತಿತ್ತಂತೆ. ಬುಧವಾರ ಕನ್ನಡಿಯಲ್ಲಿ ಚೆಂದ ಕಂಡದ್ದು ಯಾರದೋ ಬಾಯಿ, ಚಹಾ ಕುಡಿದ ಮೇಲೆ ಕಂಡದ್ದು ತನ್ನ ಬಾಯಿ ಎಂದಳು.

ಆಮೇಲೆ ಗೂಡಿನಿಂದ ಒಂದು ತಗಡಿನ ಡಬ್ಬಿ ಇಳಿಸಿದಳು. ಅದರಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಹಳೆಯ ಹಲ್ಲಿನ ಸೆಟ್ಟು ಇತ್ತು. ಮೂರು ವರ್ಷದ ಹಿಂದೆ ಎಲ್ಲಿಂದಲೋ ಬಂದವರು ಒಂದು ವಾರ ಶಿಬಿರ ಹಾಕಿ, ಸಾಲಾಗಿ ಕೂರಿಸಿ ಅಳತೆ ತೆಗೆದು, ಮತ್ತೊಂದು ದಿನ ಬಂದು ಹಲ್ಲು ಹಂಚಿ ಹೋಗಿದ್ದರು. ಹಾಕಿದ ನಾಲ್ಕನೇ ದಿನಕ್ಕೆ ವಸಡು ಹುಣ್ಣಾಯಿತು. ತೋರಿಸಲು ಹೋದರೆ ಅಲ್ಲಿ ಪೆಂಡಾಲಿನ ಕಂಬದ ಗುಣಿಗಳಷ್ಟೇ ಇದ್ದವು.

ಸೆಟ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದೆ. ಒಂದೇ ಅಚ್ಚಿನ ಸಾಲು, ಫೋಟೋಕ್ಕೆ ಹೊಂದುವ ಹಲ್ಲು. ನಮ್ಮ ಲ್ಯಾಬಿಗೆ ಶಿಬಿರಗಳ ಕೆಲಸ ಗಂಟುಗಟ್ಟಲೆ ಬರುತ್ತಿತ್ತು. ನಾನೇ ಎಷ್ಟೋ ಮಾಡಿದ್ದೇನೆ. ಇದು ನನ್ನ ಕೈಯದಿರಬಹುದು, ಪಕ್ಕದ ಬೆಂಚಿನವರದಿರಬಹುದು, ಬೇರೆ ಯಾವುದೋ ಊರಿನದಿರಬಹುದು. ಎಷ್ಟು ನೋಡಿದರೂ ಗುರುತು ಸಿಗಲಿಲ್ಲ. ನನ್ನದಲ್ಲ ಎಂದು ಎದೆ ತಟ್ಟಿ ಹೇಳುವ ಹಾಗೂ ಇರಲಿಲ್ಲ. ನನಗೆ ಅಲ್ಲಿ ಕೂತಲ್ಲೇ ಅವಮಾನವಾಯಿತು.

ಆಯಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಇವು ನೋವಾದ್ರ ನೀ ಇಲ್ಲೇ ಇರ್ತಿಯಲ್ಲ?" ಎಂದು ಕೇಳಿದಳು.

ಇರುತ್ತೇನೆ ಎಂದು ಹೇಳಿ ಎದ್ದು ಬರಬಹುದಿತ್ತು. ಬೇರೆ ಯಾವ ದಿನವಾದರೂ ಹಾಗೇ ಹೇಳುತ್ತಿದ್ದೆ. ತಗಡಿನ ಡಬ್ಬಿ ಎದುರಿಗಿತ್ತು, ಸುಳ್ಳು ಬಾಯಿಗೆ ಬರಲಿಲ್ಲ. ಗೊತ್ತಿಲ್ಲ ಆಯಿ, ಸೋಮವಾರದೊಳಗೆ ಹೇಳಬೇಕಾಗಿದೆ ಎಂದೆ.

ಅವಳು ಸಿಟ್ಟು ಮಾಡಲಿಲ್ಲ. ಮೇಣದ ಸೆಟ್ಟಿನ ಡಬ್ಬಿಯ ಮುಚ್ಚಳ ಹಾಕಿ ನನ್ನ ತೊಡೆಯ ಮೇಲಿಟ್ಟಳು. "ಇರೋದಾದ್ರ ಮಾಡವ್ವ. ಇರಂಗಿಲ್ಲಂದ್ರ ಮಾಡಬ್ಯಾಡ. ಮಜ್ಜಿಗ್ಯಾಗ ನೆನಸಿ ತಿನ್ನೋದು ನನಗ ರೂಢಿ ಆಗ್ಯದ."

ವಾಪಸು ಬರುವ ಬಸ್ಸಿನಲ್ಲಿ ಆಯಿಯ ಮೇಲೆ ಸಿಟ್ಟು ಬಂತು. ಯಾರು ಇವಳು, ನನ್ನ ಬಾಳನ್ನು ತನ್ನ ಹಲ್ಲಿಗೆ ಕಟ್ಟಿಹಾಕಲು? ಊರು ಬಿಟ್ಟು ಊರಿಗೆ ಬರುವುದು ಎಂದರೆ ನೀರು, ಬಿಸಿಲು, ಬಾಡಿಗೆ, ನಾಳಿನ ಕೆಲಸ ಎಲ್ಲ ನೋಡಬೇಕಲ್ಲ. ಚೀಟಿ ತೆಗೆದು ಓದಿದೆ. ಎಡಗಡೆಯದು ಬಲಗಡೆಗೆ, ಬಲಗಡೆಯದು ಎಡಗಡೆಗೆ ಹೋಗಬಹುದಿತ್ತು. ಒಂದು ತಿಂಗಳಿಂದ ಆಗುತ್ತಿದ್ದದ್ದೂ ಅದೇ. ನಾನು ಕಲಬುರಗಿಯನ್ನು ಬಾಯಲ್ಲಿಟ್ಟು ಕನ್ನಡಿ ನೋಡಿಕೊಳ್ಳುತ್ತಿದ್ದೆ. ಅಗಿದು ನೋಡಿರಲಿಲ್ಲ, ಮೇಣದಲ್ಲಿ ಅಗಿಯಲು ಬರುವುದೂ ಇಲ್ಲ. ಹೀಗೆ ಅನ್ನಿಸಿದಾಗ ನನಗೆ ಸಮಾಧಾನವಾಗಲಿಲ್ಲ, ಹೆದರಿಕೆಯಾಯಿತು. ತೊಡೆಯ ಮೇಲಿನ ಡಬ್ಬಿಯಲ್ಲಿ ನೀರು ಕುಲುಕುತ್ತಿತ್ತು. ಎರಡು ಸಲ ಸೀಟು ಬದಲಿಸಿದೆ.

ಶನಿವಾರ ಬೆಳಿಗ್ಗೆ ಡಾಕ್ಟರಮ್ಮನ ಮುಂದೆ ಎಲ್ಲ ಹೇಳಿದೆ. ಮೊದಲಿನ ಅಳತೆ ಹಾಗೇ ಇದ್ದುದರಿಂದ ಹಿಂದಿನ ಹಲ್ಲುಗಳನ್ನು ಅದರಂತೆ ಕೂರಿಸಲು ಒಪ್ಪಿದರು. ವಕ್ರ ಹಲ್ಲಿನ ವಿಷಯಕ್ಕೆ ನಕ್ಕರು. ಬೆಂಚಿನ ಮುಂದೆ ಕೂತೆ. ಹಿಂದಿನವನ್ನು ಸರಿಮಾಡಿ ಮುಗಿಸಿದೆ. ಬಿಸಿ ಚಾಕು ಹಿಡಿದ ಕೈ ತಾನಾಗಿ ಮುಂದಿನ ಆ ಹಲ್ಲಿನ ಕಡೆ ಹೋಯಿತು, ನೆಟ್ಟಗೆ ಮಾಡಲು. ಹತ್ತೊಂಬತ್ತು ವರ್ಷದ ಚಟ. ಕೈ ಹಿಂದಕ್ಕೆ ತಂದೆ.

ಸೆಟ್ಟನ್ನು ಪ್ಲಾಸ್ಟರಿನೊಳಗೆ ಹೂತು, ಗಟ್ಟಿಯಾಗುವ ತನಕ ಕೋಣೆಯೊಳಗೆ ಅತ್ತಿಂದಿತ್ತ ಓಡಾಡಿದೆ. ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಅದರಲ್ಲಿ ಇಳಿಸಿದರೆ ಮೇಣ ಕರಗಿ ಹೋಗುತ್ತದೆ, ಮತ್ತೆ ಹಿಂದಕ್ಕೆ ದಾರಿಯಿಲ್ಲ. ಒಲೆ ಆರಿಸಿದೆ, ಮತ್ತೆ ಹಚ್ಚಿದೆ. ಹೊರಗೆ ಹೋಗಿ ಚಹಾ ಕುಡಿದು ಬಂದೆ. ಚೀಟಿಯ ಎಡ ಬಲ ಏನೂ ನೆನಪಾಗಲಿಲ್ಲ. ಮಜ್ಜಿಗೆಯ ತಾಟಷ್ಟೇ ಕಣ್ಣ ಮುಂದಿತ್ತು. ಕುದಿಯುವ ನೀರಿಗೆ ಇಳಿಸಿಬಿಟ್ಟೆ.

ಸಂಜೆ ಹೋಗಿ ಆಪಾಗೆ ಮನೆ ನನಗೇ ಇರಲಿ ಎಂದೆ. ಅವರು ಒಳಗೆ ಹೋಗಿ ಸಕ್ಕರೆ ತಂದು ಕೈಗೆ ಹಾಕಿದರು. ಮೆಟ್ಟಿಲ ಮೇಲೇ ನಿಂತು ನಮ್ಮನೆಯವರಿಗೆ ಫೋನು ಮಾಡಿದೆ. ಹೂಂ ಎಂದೆ. ಎಂಟು ಮನೆ ಬದಲಿಸಿದಾಗಲೂ ಕೇಳದಿದ್ದ ಮಾತನ್ನು ಅವತ್ತು ಕೇಳಿದರು: "ಆರು ತಿಂಗಳಿಗಿ ಮತ್ತ ನಿನಗ ತಳಮಳ ಆಗಂಗಿಲ್ಲೇನು?"

"ಆಗ್ತದರೀ," ಎಂದೆ. "ಆದ್ರ ಹಲ್ಲು ಮಾಡಿಬಿಟ್ಟೀನಿ."

ಅವರಿಗೆ ಏನು ಅರ್ಥವಾಯಿತೋ. ಗೋಣಿಚೀಲ ಎಷ್ಟು ಬೇಕಾದಾವು ಎಂದು ಕೇಳಿದರು.

ಮುಂದಿನ ವಾರ ಆಯಿಗೆ ಹೇಳಿ ಕಳಿಸಿದೆ. ಬರುವಾಗ ಸೆರಗಿನಲ್ಲಿ ಒಂದು ಖಡಕ್ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಹೊಸ ಹಲ್ಲಿಗೆ ಮೊದಲ ದಿನವೇ ರೊಟ್ಟಿ ಬೇಡ, ಮೆತ್ತಗಿನದು ತಿನ್ನಿ ಎಂದು ಡಾಕ್ಟರಮ್ಮ ಹೇಳುತ್ತಿದ್ದ ಹಾಗೇ ಮುರಿದು ಬಾಯಿಗಿಟ್ಟಳು. ಕಟುಂ ಎಂದಿತು. ಅಗಿಯುವುದನ್ನು ನಿಲ್ಲಿಸಿ ಆಯಿ ಕೈಯಲ್ಲುಳಿದ ರೊಟ್ಟಿಯನ್ನು ತಿರುಗಿಸಿ ನೋಡಿದಳು, ಮತ್ತೆ ಅಗಿದಳು. ನನಗೆ ಕಣ್ಣು ತುಂಬಿ ಬಂತು, ಒರೆಸಿಕೊಂಡೆ. ಅಷ್ಟರಲ್ಲಿ ಅವಳು ಬಲ ದವಡೆಯ ಮೇಲೆ ಬೆರಳಿಟ್ಟು, ಇಲ್ಲಿ ಚುಚ್ಚುತ್ತದೆ ಎಂದಳು. ಕೂತು ಸ್ವಲ್ಪ ಉಜ್ಜಿ ಕೊಟ್ಟೆ. ಹಾಕಿಕೊಂಡು ನೋಡಿ, ಇನ್ನೂ ಚುಚ್ಚುತ್ತದೆ ಎಂದು ನನ್ನನ್ನೇ ಗದರಿದಳು. ಎರಡು ದಿನ ಹಾಕಿಕೊಂಡು ನೋಡಿದರೆ ಎಲ್ಲಿ ಒತ್ತುತ್ತದೆಂದು ತಿಳಿಯುತ್ತದೆ ಎಂದೆ.

ಬಸ್ಸಿನ ಹೊತ್ತಾಯಿತೆಂದು ಎದ್ದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ನಾಡಿದ್ದು ಬರುತ್ತೇನೆ ಎಂದಳು. ಇರ್ತಿಯಲ್ಲ ಎಂದು ಕೇಳಲಿಲ್ಲ.